ಸುಂಟಿಯ ಮಾಸ್ತರು

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮಣ್ಣಾದ ಮೇಲೆ. ಎಮ್ಮೆಯ ಕೆಚ್ಚಲು ಬಾವಿಗೆ ಔಷಧಿ ಬರೆಸಿಕೊಳ್ಳಲು ಕುರುಗೋಡಿನಿಂದ ಬಂದಿದ್ದ ರೈತನೊಬ್ಬ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತ, "ನಿಮ್ಮ ಪಿ.ಟಿ. ಮಾಸ್ತರ್ ಹೋಗಿಬಿಟ್ರಲ್ರೀ ಸಾರ್" ಎಂದ. ನಾನು "ಹೌದಾ" ಎಂದೆ. ಮುಂದಿನ ನಾಯಿಯನ್ನು ಮೇಜಿನ ಮೇಲೆ ಎತ್ತಿಸಿದೆ. ಅದಕ್ಕೆ ಲಸಿಕೆ ಹಾಕಿದೆನೋ, ಬರಿ ಜ್ವರ ನೋಡಿ ಕಳಿಸಿದೆನೋ ಈಗ ನೆನಪಿಲ್ಲ.

'ನಿಮ್ಮ' ಎಂದು ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಒಂದು ಕಾಲದಲ್ಲಿ ಆ ಭಾಗದ ಜನ ಮಾಸ್ತರನ್ನೂ ನನ್ನನ್ನೂ ಒಟ್ಟಿಗೇ ನೋಡುತ್ತಿದ್ದರು. ಕಳೆದ ಎರಡು ವರ್ಷಗಳಿಂದ ನಮ್ಮಿಬ್ಬರ ನಡುವೆ ಮಾತಿರಲಿಲ್ಲ ಎಂಬುದು ಅವನಿಗೆ ಗೊತ್ತಿರಲು ಕಾರಣವಿಲ್ಲ.

ಅವರ ಬಗ್ಗೆ ಬರೆಯಲು ಕುಳಿತಾಗ ಮೊದಲನೆಯ ತೊಡಕು ಎದುರಾದದ್ದು ಅವರ ಎತ್ತರದಲ್ಲಿ. ಅವರನ್ನು ಬಲ್ಲವರೆಲ್ಲ ಆರಡಿ ಆಳು ಎನ್ನುತ್ತಾರೆ. ನನ್ನ ಕಣ್ಣ ಮುಂದೆ ಬರುವ ಮನುಷ್ಯ ಗಿಡ್ಡ. ಯಾರ ಮಾತನ್ನು ನಂಬಬೇಕು? ಪಶುವೈದ್ಯ ಕಾಲೇಜಿನಲ್ಲಿ ನಮಗೆ ಮೊದಲು ಕಲಿಸಿದ್ದು, ಮಾಲೀಕರು ಹೇಳುವುದನ್ನು ಕೇಳಿ, ಆದರೆ ಕೈಯಿಟ್ಟು ನೋಡುವವರೆಗೆ ನಂಬಬೇಡಿ ಎಂದು. ಆ ಅಭ್ಯಾಸ ನಿಧಾನವಾಗಿ ನನ್ನದೇ ನೆನಪಿನ ಕಡೆಗೂ ತಿರುಗಿಕೊಂಡಿದೆ. ಆಮೇಲೆ ಹೊಳೆಯಿತು: ನಾನು ಅವರನ್ನು ನೋಡಿದ್ದು ಬಹುಪಾಲು ಅವರು ಬಗ್ಗಿರುವಾಗಲೇ, ನಾಯಿಯ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡು.

ಅವರು ಮೊದಲ ಸಲ ಬಂದದ್ದು ಬಳ್ಳಾರಿಯ ಸತ್ಯನಾರಾಯಣಪೇಟೆಯ ನನ್ನ ಕ್ಲಿನಿಕ್ಕಿಗೆ. ಹಳೆಯ ಮನೆಯೊಂದರ ಮುಂದಿನ ಎರಡು ಕೋಣೆ ಅದು, ಬೀದಿಯಿಂದ ಕಡಿದಾದ ಮೆಟ್ಟಿಲು. ಬಿಳಿ ಪ್ಯಾಂಟು, ಕ್ಯಾನ್ವಾಸ್ ಬೂಟು, ಕೊರಳಲ್ಲಿ ಸೀಟಿ. ನಿವೃತ್ತರಾಗಿದ್ದರೂ ಸೀಟಿ ಬಿಟ್ಟಿರಲಿಲ್ಲ. ಅಡ್ಡಕ್ಕೆ ತಿರುಗಿಕೊಂಡು, ಪ್ರತಿ ಮೆಟ್ಟಿಲಿಗೂ ಒಂದೇ ಕಾಲನ್ನು ಮೊದಲು ಇಡುತ್ತ ಹತ್ತುತ್ತಿದ್ದರು. ಕಬಡ್ಡಿ ಆಡುವ ವಯಸ್ಸಿನಲ್ಲಿ ಮೊಣಕಾಲಿನ ಲಿಗಮೆಂಟು ಹರಿದಿತ್ತಂತೆ, ಯಾರಿಗೂ ತೋರಿಸಿರಲಿಲ್ಲ. ಅಂಥ ಕಾಲಿನ ಮನುಷ್ಯ ತೋಳಿನಲ್ಲಿ, ಓಟದ ಪಂದ್ಯಕ್ಕೆ ಸಾಕಿದ ಹೆಣ್ಣು ಬೇಟೆನಾಯಿಯೊಂದನ್ನು ಎತ್ತಿಕೊಂಡಿದ್ದರು. ಉದ್ದ ಮೂತಿ, ಒಳಸೇರಿದ ಹೊಟ್ಟೆ, ಒಣಶುಂಠಿಯ ಬಣ್ಣ. ಅದಕ್ಕೇ ಅದರ ಹೆಸರು ಸುಂಟಿ.

"ಏನಾಗೈತ್ರಿ?" ಎಂದೆ.

"ಅದನ್ನ ಹೇಳಾಕ ನೀವದೀರಿ. ನಾನ ಹೇಳೋದಾದ್ರ ನಿಮಗ್ಯಾಕ ಫೀಸು?"

ಮುಂಗಾಲಿನ ಹೊರಬೆರಳಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ್ದರು. ಒಳಗೆ ಅರಿಶಿನ, ಸುಣ್ಣ. ಬಿಚ್ಚಿದರೆ ಬೆರಳು ಬದನೆಕಾಯಿಯ ಹಾಗೆ ಊದಿತ್ತು. ಕೀಲನ್ನು ಎರಡೂ ಬದಿಯಿಂದ ಹಿಡಿದಿಡುವ ಲಿಗಮೆಂಟುಗಳಲ್ಲಿ ಒಂದು ಹರಿದಿತ್ತು. ಒತ್ತಿದರೆ ಕೀಲು ಒಳಗೆ ಕೂರುತ್ತಿತ್ತು, ಬಿಟ್ಟರೆ ಪಕ್ಕಕ್ಕೆ ಜಾರುತ್ತಿತ್ತು. ನಾಯಿ ಕೂಗಲಿಲ್ಲ. ಮಾಸ್ತರು ಕೂಗಿದರು, "ಮೆತ್ತಗ್ರೀ! ಎಮ್ಮಿ ಅಲ್ಲ ಅದು."

ಆರು ವಾರ ಓಡಿಸಬೇಡಿ ಎಂದೆ.

"ಆರು ವಾರ? ಅಷ್ಟೊತ್ತಿಗೆ ಇದು ನಾಯಿಯಾಗಿ ಉಳಿತೈತೇನ್ರಿ? ಆಡು ಆಗತೈತಿ."

"ಓಡಿಸಿದ್ರ ಬೆರಳು ಹೋಗತೈತಿ, ಮಾಸ್ತರ್ರ."

"ಕಾಲಿಗೆ ನಾಕು ನಾಕು ಅದಾವಲ್ಲ, ಒಂದು ಹೋಗ್ಲಿ ಬಿಡ್ರಿ" ಎಂದು ನಕ್ಕರು. ಆ ನಗೆ ಮುಗಿಯುವ ಮೊದಲೇ, ಪಟ್ಟಿ ಎಷ್ಟು ಬಿಗಿ ಇರಬೇಕು, ಪಕ್ಕದ ಬೆರಳನ್ನು ಜೊತೆಗೆ ಸೇರಿಸಿ ಕಟ್ಟಬೇಕೋ ಬೇಡವೋ, ನಡುವೆ ಹತ್ತಿ ಇಡದಿದ್ದರೆ ಚರ್ಮ ಕೊಳೆಯುತ್ತದೆಯೋ ಎಂದು ಒಂದೊಂದಾಗಿ ಕೇಳಿದರು. ಹೇಳಿದ್ದನ್ನೆಲ್ಲ ಪಾಲಿಸುತ್ತಾರೆ ಎಂದುಕೊಂಡೆ. ವಾಯಿದೆ ಮುಗಿಯುವ ಮೊದಲೇ ಅದೇ ಬೆರಳು, ಮೊದಲಿಗಿಂತ ದಪ್ಪವಾಗಿ, ನನ್ನ ಮೇಜಿನ ಮೇಲಿತ್ತು. ಸುಮ್ಮನೆ ಒಂದು ಸುತ್ತು ಬಿಟ್ಟಿದ್ದರಂತೆ. "ಇದ ಕೇಳ್ತು, ನಾ ಬಿಟ್ಟೆ" ಎಂದರು.

ಹೀಗೆ ಶುರುವಾಯಿತು. ಓಡುವ ನಾಯಿಯ ಬೆರಳು ಒಮ್ಮೆ ಜಾರಿತೆಂದರೆ ಅದರ ಕಥೆ ಮುಗಿಯುವುದಿಲ್ಲ. ಹರಿದ ಲಿಗಮೆಂಟು ಗಾಯದ ಅಂಗಾಂಶದಿಂದ ಕೂಡಿಕೊಳ್ಳುತ್ತದೆ, ಆದರೆ ಹಳೆಯ ಬಿಗಿ ಬರುವುದಿಲ್ಲ. ನಾಯಿಗೆ ನೋವು ನಿಂತಿತೆಂದರೆ ವಾಸಿಯಾಯಿತೆಂದೇ ಲೆಕ್ಕ, ಮಾಲೀಕನಿಗೂ ಹಾಗೇ. ಮತ್ತೆ ಬಿಡುತ್ತಾರೆ, ಮತ್ತೆ ಜಾರುತ್ತದೆ. ಸುಂಟಿಯದು ಎಷ್ಟು ಸಲವಾಯಿತೋ ಲೆಕ್ಕವಿಟ್ಟಿಲ್ಲ.

ಆದರೂ ಅವರಷ್ಟು ಪಾದ ನೋಡಿಕೊಂಡ ಇನ್ನೊಬ್ಬ ಮಾಲೀಕನನ್ನು ನಾನು ಕಂಡಿಲ್ಲ. ಉಗುರು ಉದ್ದವಾದರೆ ನೆಲಕ್ಕೆ ತಾಕಿ ಬೆರಳನ್ನು ಮೀಟುತ್ತದೆ ಎಂದು ನಾನು ಒಮ್ಮೆ ಹೇಳಿದ್ದೆ. ಅಂದಿನಿಂದ ಸುಂಟಿಯ ಉಗುರು ಮಗುವಿನ ಉಗುರಿನ ಹಾಗೆ ಇರುತ್ತಿತ್ತು. ಬಿಸಿ ಉಪ್ಪುನೀರಿನ ತಟ್ಟೆಯಲ್ಲಿ ಪಾದ ಇರಿಸುತ್ತಿದ್ದರು. ಹಗರಿ ಹೊಳೆಯ ಮರಳಿಗೆ ಕರೆದೊಯ್ದು ಹಗ್ಗದಲ್ಲಿ ನಡೆಸುತ್ತಿದ್ದರು. ಓಟದ ಗದ್ದೆಯನ್ನು ಮೊದಲು ತಾವೇ ಬರಿಗಾಲಲ್ಲಿ ತುಳಿದು ನೋಡುತ್ತಿದ್ದರು.

ಸಂಜೆ ಕುರುಗೋಡಿನ ಅವರ ಮನೆಯ ಕಟ್ಟೆಯ ಮೇಲೆ ಹಾಜರಿ ನಡೆಯುತ್ತಿತ್ತು. ಸುಂಟಿಯ ಒಂದೊಂದು ಬೆರಳನ್ನೂ ಹೆಬ್ಬೆರಳಿನಿಂದ ಒತ್ತುವುದು, ಅದು ಸುಮ್ಮನಿದ್ದರೆ "ಹಾಜರ್" ಎನ್ನುವುದು, ಕಾಲು ಎಳೆದುಕೊಂಡರೆ "ಗೈರ್" ಎನ್ನುವುದು. ಒಮ್ಮೆ ನಾನು ಹೋದಾಗ ಒಳಗಿನಿಂದ ಅವರ ಹೆಂಡತಿ, "ನನ್ನ ಸೊಂಟ ಎಂಟು ದಿನದಿಂದ ಗೈರ್ ಐತಿ, ಅದನ್ನೂ ಬರಕೊಳ್ರಿ" ಎಂದು ಕೂಗಿದರು. ಮಾಸ್ತರು ತಲೆ ಎತ್ತದೆ, "ನಿನ್ನ ಹೆಸರು ಈ ಸಾಲ್ಯಾಗ ಇಲ್ಲ" ಎಂದರು. ಆಕೆ ನಕ್ಕರು. ನಗುವ ಮನೆಯಾಗಿತ್ತು ಅದು, ಆಗ.

ಆ ಮನೆಯ ಪಡಸಾಲೆಯ ಗೋಡೆಯ ತುಂಬ ನಾಯಿಗಳ ಫೋಟೋ. ಸುಂಟಿಗಿಂತ ಮುಂಚಿನವು. ಎಲ್ಲವೂ ಓಡುತ್ತಿರುವಾಗ ತೆಗೆದದ್ದು, ನಾಲ್ಕೂ ಕಾಲು ನೆಲ ಬಿಟ್ಟಿರುವಾಗ. ಬಿಳಿಯದೊಂದು, ಕರಿಯದೊಂದು, ಹುಲಿಪಟ್ಟೆಯದೊಂದು.

"ಇವೆಲ್ಲಾ ಈಗ ಎಲ್ಲೆದಾವ್ರಿ?" ಎಂದು ಕೇಳಿದೆ.

"ಕೊಟ್ಟೆ" ಎಂದರು ಮಾಸ್ತರು.

ಚಹಾ ತಂದಿದ್ದ ಅವರ ಹೆಂಡತಿ ಕಪ್ಪುಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಒಳಗೆ ಹೋದರು.

ಈ 'ಕೊಟ್ಟೆ' ಎಂಬ ಮಾತಿನ ಅರ್ಥ ನನಗೆ ತಿಳಿದದ್ದು ಆಮೇಲೆ, ಬೇರೆ ನಾಯಿಯವರಿಂದ. ಸಿರುಗುಪ್ಪದ ಕಡೆಯ ಓಟದವರಲ್ಲಿ ಒಂದು ರೂಢಿ ಇದೆ. ಕಾಲು ಹೋದ ನಾಯಿಯನ್ನು ಮನೆಯ ಮುಂದೆ ಕಟ್ಟಿಕೊಳ್ಳುವುದಿಲ್ಲ. ಕುಂಟು ನಾಯಿ ಬಾಗಿಲಲ್ಲಿದ್ದರೆ ಆ ಮನೆಗೆ ಮುಂದೆ ಬರುವ ನಾಯಿಗೂ ಓಟ ಹತ್ತುವುದಿಲ್ಲ ಎಂದು ನಂಬಿಕೆ. ಅದಕ್ಕಿಂತ ಹೆಚ್ಚಾಗಿ, ಜನ ಆಡಿಕೊಳ್ಳುತ್ತಾರೆ. ಹಾಗಾಗಿ ಅದನ್ನು ಎಲ್ಲಿಗೋ ಒಯ್ಯುತ್ತಾರೆ, ಬರಿಗೈಯಲ್ಲಿ ಬಂದು "ಕೊಟ್ಟೆ" ಎನ್ನುತ್ತಾರೆ. ಯಾರಿಗೆ ಎಂದು ಯಾರೂ ಕೇಳಬಾರದು. ಕುಡತಿನಿಯ ಕಡೆ ಹೋಗುವವರು ನೋಡಿರಬಹುದು: ವಿದ್ಯುತ್ ಸ್ಥಾವರಕ್ಕೆ ಬಂದು ಹೋಗುವ ಲಾರಿಗಳು ನಿಲ್ಲುವ ಢಾಬಾಗಳ ಹಿಂದೆ, ಬೂದಿ ಕೂತ ಜಾಲಿಗಿಡಗಳ ಕೆಳಗೆ, ಬೀದಿನಾಯಿಗಳ ನಡುವೆ ಎತ್ತರದ, ಉದ್ದ ಮೂತಿಯ ನಾಯಿಗಳು. ಮೂರು ಕಾಲಿನ ಮೇಲೆ ನಿಂತಿರುತ್ತವೆ. ಬೀದಿನಾಯಿಗಳು ತಿಂದು ಬಿಟ್ಟದ್ದು ಇವಕ್ಕೆ.

ಅವುಗಳಲ್ಲಿ ಮಾಸ್ತರ ನಾಯಿ ಇತ್ತೆ? ಹುಲಿಪಟ್ಟೆಯದೊಂದನ್ನು ಅಲ್ಲಿ ನೋಡಿದ್ದೇನೆ ಎಂದು ನನಗೆ ಅನ್ನಿಸುತ್ತದೆ. ಗೋಡೆಯ ಫೋಟೋ ನೋಡಿದ ಮೇಲೆ ಅನ್ನಿಸಿದ್ದೋ, ಮೊದಲೇ ನೋಡಿದ್ದೆನೋ ಹೇಳಲಾರೆ. ಆದರೆ ಅವತ್ತಿನಿಂದ ಸುಂಟಿಯ ಬೆರಳು ನನಗೆ ಬರಿ ಬೆರಳಾಗಿ ಉಳಿಯಲಿಲ್ಲ. ಅದು ನೆಟ್ಟಗಿರುವಷ್ಟು ದಿನ ಸುಂಟಿ ಆ ಕಟ್ಟೆಯ ಮೇಲಿರುತ್ತದೆ. ಹೋದ ದಿನ ಢಾಬಾದ ಹಿಂದೆ.

ಆ ಹೊತ್ತಿಗೆ ನನಗೊಂದು ಸಂಶಯ ಹುಟ್ಟಿತ್ತು. ಅವರ ಕಡೆಯಿಂದ ಬರುವ ಓಟದ ನಾಯಿಗಳಿಗೆಲ್ಲ ಹೆಚ್ಚಾಗಿ ಬಲಮುಂಗಾಲಿನ ಹೊರಬೆರಳೇ ಪೆಟ್ಟಾಗುತ್ತಿತ್ತು. ಓಟ ನೋಡಿದವರಿಗೆ ಕಾರಣ ಕಾಣುತ್ತದೆ. ಭತ್ತ ಕೊಯ್ದು, ಕಾಲುವೆಯ ನೀರು ನಿಂತು, ಎರೆಮಣ್ಣು ಬಿರುಕು ಬಿಟ್ಟ ಮೇಲೆ ಗದ್ದೆಯಲ್ಲಿ ಓಟ. ಗೋಣಿಚೀಲಕ್ಕೆ ಹುಲ್ಲು ತುಂಬಿ, ಬೈಕಿನ ಹಿಂದೆ ಕಟ್ಟಿ ಎಳೆಯುತ್ತಾರೆ. ನಾಯಿಗಳು ಅದರ ಬೆನ್ನು ಹತ್ತುತ್ತವೆ. ಗದ್ದೆಯ ನಡುವೆ ದೇವರ ಕಲ್ಲೊಂದನ್ನು ಇಟ್ಟು, ಕಾಯಿ ಒಡೆದು, ಬೈಕು ಮೊದಲು ಪ್ರದಕ್ಷಿಣೆ ಬರುತ್ತದೆ. ದೇವರು ಬಲಕ್ಕೆ. ಮುಂದೆ ಓಟವೆಲ್ಲ ಆ ದಿಕ್ಕಿಗೇ. ವರ್ಷಗಟ್ಟಲೆ ನಾಯಿ ಬಲಕ್ಕೇ ತಿರುಗುತ್ತದೆ, ತಿರುವಿನಲ್ಲಿ ಮೈಯ ಭಾರವೆಲ್ಲ ಬಲಮುಂಗಾಲಿನ ಅಂಚಿಗೆ ಬೀಳುತ್ತದೆ.

ಇದನ್ನು ಮಾಸ್ತರಿಗೆ ಹೇಳಿದೆ. ಮನೆಯಲ್ಲಿ ಅಭ್ಯಾಸ ಮಾಡಿಸುವಾಗಲಾದರೂ ಎಡಕ್ಕೆ ತಿರುಗಿಸಿ, ಎರಡೂ ಕಡೆಗೆ ಬಲ ಬರಲಿ ಎಂದೆ.

"ಉಲ್ಟಾ ಸುತ್ತು ಹೆಣದ ಮುಂದ ಹಾಕೂದ್ರಿ."

"ನೀವು ಅಂಥಾದ್ದೆಲ್ಲಾ ನಂಬತೀರೇನ್ರಿ, ಮಾಸ್ತರ್ರ?"

"ನಂಬೂದಿಲ್ಲ" ಎಂದರು. ಕೊರಳಿನ ಸೀಟಿಯನ್ನು ಬೆರಳಲ್ಲಿ ತಿರುಗಿಸುತ್ತ, "ನಂಬೂದಿಲ್ಲಂತ ಮಾಡಾಕ ಬರತೈತೇನು? ನೀವು ನಂಬೂದಿಲ್ಲ, ನಿಮ್ಮ ಕ್ಲಿನಿಕ್ಕಿನ ಬಾಗಿಲಿಗೆ ನಿಂಬಿಕಾಯಿ ಯಾಕ ಕಟ್ಟೀರಿ?" ಎಂದರು.

ಅದನ್ನು ಕಟ್ಟಿದವನು ನಾನಲ್ಲ, ಮನೆಯ ಮಾಲೀಕರು. ಹಾಗೆಂದು ಹೇಳಿದೆನೋ ಇಲ್ಲವೋ.

ಕೆಲವು ದಿನಗಳ ಮೇಲೆ ಕುರುಗೋಡಿನವರಿಂದ ತಿಳಿಯಿತು, ಮಾಸ್ತರು ಬೆಳಗಿನ ಜಾವ ಸಾಲೆಯ ಮೈದಾನದಲ್ಲಿ ನಾಯಿಯನ್ನು ಎಡಕ್ಕೆ ಸುತ್ತಿಸುತ್ತಿದ್ದಾರೆ ಎಂದು. ನೋಡಲು ಹೋದೆ. ಅವರು ನಡುವೆ ನಿಂತು ಉದ್ದ ಹಗ್ಗ ಹಿಡಿದಿದ್ದರು, ಸುಂಟಿ ಸುತ್ತಲೂ ಮೆಲ್ಲನೆ ಓಡುತ್ತಿತ್ತು. ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದ ಅವರ ಹಳೆಯ ವಿದ್ಯಾರ್ಥಿಯೊಬ್ಬ ಬೈಕು ನಿಲ್ಲಿಸಿದ.

"ಮಾಸ್ತರ್ರ, ಉಲ್ಟಾ ಹೊಂಟೀರಲ್ರಿ, ಯಾರು ಸತ್ತಾರ್ರಿ?"

"ನಿನ್ನ ಗಣಿತದ ಮಾಸ್ತರ್ ಸತ್ತಾನ. ನಿಂಗ ಪಾಠ ಹೇಳಿ ಹೇಳಿ ಸತ್ತ. ಹಾಲಿಗೆ ನೀರು ಹಾಕೂದು ಆತಿಲ್ಲೋ? ನಡಿಲೇ!"

ಅವನು ನಗುತ್ತ ಹೋದ. ಮಾಸ್ತರು ನಗಲಿಲ್ಲ. "ಊರೆಲ್ಲಾ ಇದ ಕೇಳ್ತಾರ್ರಿ ಡಾಕ್ಟ್ರೇ" ಎಂದರು, ತಗ್ಗಿದ ದನಿಯಲ್ಲಿ. ಜನ ನಗುವುದು ಅವರಿಗೆ ಸಹಿಸುವ ಸಂಗತಿಯಾಗಿರಲಿಲ್ಲ. ಜೀವಮಾನವಿಡೀ ಸೀಟಿ ಊದಿದರೆ ಸಾಲು ನೆಟ್ಟಗಾಗುವುದನ್ನು ನೋಡಿದ್ದವರು. ಆದರೂ ಸುತ್ತಿಸಿದರು. ಆ ವರ್ಷ ಸುಂಟಿಯ ಬೆರಳು ಜಾರಲಿಲ್ಲ. ನನ್ನ ಸಂಶಯ ಸರಿಯೆಂದು ನಾನು ಹಿಗ್ಗಿದೆ. ಜಾವದಲ್ಲಿ ಎಡಕ್ಕೆ ಸುತ್ತಿಸುವ ಭರದಲ್ಲಿ ಅವರು ಬಲಕ್ಕೆ ಓಡಿಸುವುದನ್ನು ಅರ್ಧಕ್ಕೆ ಇಳಿಸಿದ್ದರು. ವಾಸಿಯಾದದ್ದು ದಿಕ್ಕಿನಿಂದಲೋ ವಿಶ್ರಾಂತಿಯಿಂದಲೋ ಯಾರು ಬಲ್ಲರು?

ಮುಂದಿನ ಬೇಸಿಗೆ ಹಚ್ಚೊಳ್ಳಿಯ ಹತ್ತಿರದ ಗದ್ದೆಯಲ್ಲಿ ಓಟ. ಅವರ ಜೊತೆ ನಾನೂ ಹೋದೆ. ಟ್ರ್ಯಾಕ್ಟರುಗಳ ಟ್ರೇಲರ್ ಮೇಲೆ ಜನ, ಕಬ್ಬಿನ ಹಾಲಿನ ಗಾಡಿ, ಮಿರ್ಚಿ ಕರಿಯುವ ವಾಸನೆ. ಕಂದು ಬಣ್ಣದ ದೊಡ್ಡ ಗಂಡುನಾಯಿಯ ಮಾಲೀಕನೊಬ್ಬ ದೂರದಿಂದಲೇ ಕೂಗಿದ:

"ಮಾಸ್ತರ್ರ, ಈ ಸಲ ಎಲ್ಲಾ ಬೆರಳು ತಂದೀರೋ, ಒಂದು ಮನ್ಯಾಗ ಬಿಟ್ಟು ಬಂದೀರೋ?"

"ಎಣಿಸಿ ತಂದೀನಿ. ನಿನ್ನ ನಾಯಿಗೆ ಸುಂಟಿದು ಹಿಂದಿನವೆರಡು ಕಾಲು ಅಷ್ಟ ಕಾಣ್ತಾವ, ಅವನ್ನ ಎಣಿಸಂತ ಹೇಳು."

ಸುತ್ತಲಿನವರು ಹೋ ಎಂದರು. ಮಾಸ್ತರು ನೆಲಕ್ಕೆ ಕುಳಿತು ಹಾಜರಿ ತೆಗೆದುಕೊಂಡರು. ನಾನು ಪಕ್ಕದಲ್ಲೇ ನಿಂತಿದ್ದೆ. ಹೊರಬೆರಳನ್ನು ಒತ್ತಿದಾಗ ಸುಂಟಿ ಕಾಲನ್ನು ಎಳೆದುಕೊಂಡಿತು. ಎಳೆದುಕೊಂಡಿತು ಎಂದೇ ನಾನು ಇಷ್ಟು ದಿನ ಹೇಳುತ್ತ ಬಂದಿದ್ದೇನೆ. ಮಾಸ್ತರು "ಹಾಜರ್" ಎಂದರು. ಇದನ್ನು ನಾನು ಕಣ್ಣಾರೆ ಕಂಡೆನೋ, ಮುಂದೆ ನಡೆದದ್ದಕ್ಕೆ ಒಂದು ಕಾರಣ ಬೇಕೆಂದು ನನ್ನ ಮನಸ್ಸು ಆಮೇಲೆ ಸೇರಿಸಿತೋ ಗೊತ್ತಿಲ್ಲ. ಕಂಡಿದ್ದರೆ ತಡೆಯುತ್ತಿದ್ದೆ ಎಂದುಕೊಳ್ಳುತ್ತೇನೆ. ಅವರಾದರೂ, ನೋವಿದೆಯೆಂದು ಗೊತ್ತಿದ್ದೂ ಆ ಜನರ ಮುಂದೆ "ಗೈರ್" ಎನ್ನುತ್ತಿದ್ದರೇ?

ಎರಡನೆಯ ತಿರುವಿನಲ್ಲಿ ಸುಂಟಿ ಎಲ್ಲಕ್ಕಿಂತ ಮುಂದಿತ್ತು. ತಿರುಗುವಾಗ ಮುಂಗಾಲನ್ನು ಪೂರ್ತಿ ಊರಲಿಲ್ಲ, ಭಾರವೆಲ್ಲ ಹಿಂದಕ್ಕೆ ಹೋಯಿತು, ಹಿಂಗಾಲು ಬಿರುಕಿನಲ್ಲಿ ಸಿಕ್ಕಿತು. ಮೂಳೆ ಮುರಿದ ಸದ್ದು ಕೇಳಿಸಿತೆಂದು ಬಹಳ ಜನಕ್ಕೆ ಹೇಳಿದ್ದೇನೆ. ಆ ದೂರದಿಂದ, ಬೈಕಿನ ಗದ್ದಲದಲ್ಲಿ ಕೇಳಿಸಿರಲಾರದು. ನಾಯಿ ಬೀಳಲಿಲ್ಲ. ಮುರಿದ ಕಾಲನ್ನು ಎತ್ತಿಕೊಂಡು, ಉಳಿದ ಮೂರರಲ್ಲೇ, ಎಲ್ಲ ನಾಯಿಗಳೂ ದಾಟಿ ಹೋದ ಮೇಲೂ ಗೋಣಿಚೀಲದ ಹಿಂದೆ ಓಡುತ್ತಲೇ ಇತ್ತು. ಜನ ಮೊದಲು ನಕ್ಕರು. ಆಮೇಲೆ ಸುಮ್ಮನಾದರು. ಮಾಸ್ತರು ಓಡಲಾರರು, ಆ ಕೆಟ್ಟ ಮೊಣಕಾಲನ್ನು ಎಳೆದುಕೊಂಡು ಗದ್ದೆಯನ್ನು ನೇರವಾಗಿ ಹಾಯ್ದು ನಡೆದರು. ಒಬ್ಬರೂ ಅವರ ಜೊತೆ ಹೋಗಲಿಲ್ಲ. ನಾನು ಹೋದೆ, ಸ್ವಲ್ಪ ಹಿಂದೆ.

ಬಳ್ಳಾರಿಗೆ ಬರುವ ದಾರಿಯುದ್ದಕ್ಕೂ ಸುಂಟಿಯ ತಲೆ ಅವರ ತೊಡೆಯ ಮೇಲಿತ್ತು. ಹಿಮ್ಮಡಿಯ ಕೀಲಿನ ಸಣ್ಣ ಮೂಳೆಗಳು ಪುಡಿಯಾಗಿದ್ದವು, ಅವನ್ನು ಹಿಡಿದಿಟ್ಟ ಲಿಗಮೆಂಟುಗಳೂ ಹರಿದಿದ್ದವು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದೆ. ಅವರು ಅದನ್ನು ನೋಡಲಿಲ್ಲ.

"ಓಡತೈತೇನ್ರಿ?"

"ಇಲ್ರಿ. ದೊಡ್ಡ ಆಸ್ಪತ್ರಿಗೆ ಒಯ್ದು ಆಪರೇಷನ್ ಮಾಡಿಸಿದ್ರ ಚೊಲೋ ನಡೀತೈತಿ. ಇಲ್ಲೇ ಪ್ಲಾಸ್ಟರ್ ಹಾಕಿದ್ರ ಕುಂಟಿಕೊಂತ ನಡೀತೈತಿ. ಓಡೂದಿಲ್ಲ."

"ಓಡೂದಿಲ್ಲ ಅಂದಮ್ಯಾಲ ಅಷ್ಟು ದೂರ ಯಾಕ್ರಿ" ಎಂದರು.

ಪ್ಲಾಸ್ಟರ್ ಹಾಕಿದೆ. ಹಾಕುವಾಗ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ. ಅದನ್ನು ಬಾಯಿಬಿಟ್ಟು ಹೇಳಿಯೂಬಿಟ್ಟೆ. "ಮಾಸ್ತರ್ರ, ಇದನ್ನ ಕೊಡಬ್ಯಾಡ್ರಿ. ಬ್ಯಾಡಾದ್ರ ನನಗ ತಂದು ಬಿಡ್ರಿ. ಇಲ್ಲೇ ಇರಲಿ."

ಅವರು ನನ್ನ ಮುಖವನ್ನೇ ನೋಡಿದರು. ಸಿಟ್ಟಿತ್ತೋ, ಅವಮಾನವಿತ್ತೋ. ನಾಯಿಯನ್ನು ಎತ್ತಿಕೊಂಡು ಅಡ್ಡಕ್ಕೆ ತಿರುಗಿ ಮೆಟ್ಟಿಲಿಳಿದರು.

ಪ್ಲಾಸ್ಟರ್ ತೆಗೆಸುವ ದಿನ ಬರಲಿಲ್ಲ. ಮರುವಾರವೂ ಬರಲಿಲ್ಲ. ಫೋನ್ ಮಾಡಿದೆ.

"ಕೊಟ್ಟೆ" ಎಂದರು.

ಕೇಳಬಾರದ್ದನ್ನು ಕೇಳಿದೆ. "ಯಾರಿಗ್ರಿ?"

"ಕೊಟ್ಟೆ ಅಂದೆನಲ್ರಿ" ಎಂದು ಇಟ್ಟುಬಿಟ್ಟರು.

ಅದಾದ ಮೇಲೆ ಕೆಲವು ಭಾನುವಾರ ಕುಡತಿನಿಯ ಕಡೆ ಸ್ಕೂಟರ್ ತೆಗೆದುಕೊಂಡು ಹೋದೆ. ಢಾಬಾದವರನ್ನು ಕೇಳಿದೆ. "ಉದ್ದ ಮೂತಿ ನಾಯೇನ್ರಿ? ಬರ್ತಾವು, ಹೋಗ್ತಾವು, ಲಾರಿ ಕೆಳಗ ಬೀಳ್ತಾವು" ಎಂದ ಒಬ್ಬ, ತಂದೂರಿನ ಬೆಂಕಿ ಕೆದಕುತ್ತ. ಸುಂಟಿ ಸಿಗಲಿಲ್ಲ. ಕುರುಗೋಡಿನ ರಸ್ತೆ ಹಿಡಿಯುವುದನ್ನೇ ಬಿಟ್ಟೆ. ಒಮ್ಮೆ ಮಾತ್ರ ಬಳ್ಳಾರಿಯ ಔಷಧಿ ಅಂಗಡಿಯೊಂದರ ಮುಂದೆ ಮಾಸ್ತರು ಎದುರಾದರು. ಕೈಯಲ್ಲಿ ಕ್ರೇಪ್ ಬ್ಯಾಂಡೇಜಿನ ಸುರುಳಿಗಳು. ನನ್ನನ್ನು ಕಂಡು ಚೀಲಕ್ಕೆ ತುರುಕಿದರು. "ಮೊಣಕಾಲಿಗ್ರಿ" ಎಂದರು, ನಾನು ಕೇಳದಿದ್ದರೂ. ತುಂಬ ಇಳಿದುಹೋಗಿದ್ದರು. ನಾನು ನಿಲ್ಲಲಿಲ್ಲ.

ಸುದ್ದಿ ಕೇಳಿದ ಮುಂದಿನ ಭಾನುವಾರ ಕುರುಗೋಡಿಗೆ ಹೋದೆ. ಬೀದಿಯ ಕಡೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಸಾವಿನ ಮನೆಯೆಂದು ಮುಚ್ಚಿದ್ದಾರೆ ಎಂದುಕೊಂಡೆ. ಹತ್ತಿರ ಹೋದರೆ ಸಂದುಗಳಿಗೆ ಒಳಗಿನಿಂದ ಹಳೆಯ ಪೇಪರ್ ಅಂಟಿಸಿತ್ತು, ಬಿಸಿಲಿಗೆ ಹಳದಿಯಾಗಿತ್ತು. ಮಾಸ್ತರ ಹೆಂಡತಿ ಬಾಗಿಲು ತೆಗೆದು, ನಾನು ಒಳಗೆ ಬಂದ ಕೂಡಲೇ ಚಿಲಕ ಹಾಕಿದರು. ಪಡಸಾಲೆಯ ಗೋಡೆಯ ಮೇಲೆ ಒಂದೂ ಫೋಟೋ ಇರಲಿಲ್ಲ.

"ಎದಿ ಹಿಡ್ಕೊಂಡು ಕುಂತ್ರು, ಅಷ್ಟರಿ. ನಿಮ್ಮನ್ನ ಭಾಳ ನೆನಸತಿದ್ರು" ಎಂದರು.

ನೆನಸುತ್ತಿದ್ದರೆ ಒಂದು ಮಾತು ಆಡಬಹುದಿತ್ತು ಎಂದು ಅನ್ನಿಸಿತು.

"ಬರ್ರಿ ಒಳಗ" ಎಂದರು.

ಅಡುಗೆಮನೆಯ ಹಿಂದೆ, ಸುತ್ತಲೂ ಗೋಡೆ ಇದ್ದ ಸಣ್ಣ ಹಿತ್ತಿಲು. ಗೋಡೆಯ ನೆರಳಿನಲ್ಲಿ ಗೋಣಿತಟ್ಟಿನ ಮೇಲೆ ಸುಂಟಿ ಮಲಗಿತ್ತು. ಮೂತಿ ಬೆಳ್ಳಗಾಗಿತ್ತು. ತೊಡೆಯ ಮಾಂಸವೆಲ್ಲ ಹೋಗಿ ಬರಿ ಮೂಳೆ. ನನ್ನನ್ನು ಕಂಡು ಎದ್ದಿತು, ಎದ್ದು ನಿಲ್ಲಲು ಹೊತ್ತು ಹಿಡಿಯಿತು. ಉಗುರುಗಳನ್ನು ಮಾತ್ರ ನೀಟಾಗಿ ಕತ್ತರಿಸಿದ್ದರು. ಅಭ್ಯಾಸದಂತೆ ಕೈ ತಾನಾಗಿ ಅದರ ಕಾಲುಗಳ ಮೇಲೆ ಹೋಯಿತು. ಬಲಮುಂಗಾಲಿನ ಹೊರಬೆರಳು ನನ್ನ ನೆನಪಿನಂತೆಯೇ ಸೊಟ್ಟಗಿತ್ತು. ಮುರಿದ ಹಿಂಗಾಲು ಎಡಗಾಲೆಂದು ನಾನು ನಂಬಿದ್ದೆ, ಅದು ಬಲಗಾಲಾಗಿತ್ತು. ನನ್ನ ನೆನಪಿನ ಪರೀಕ್ಷೆಯನ್ನು ಅಲ್ಲಿಗೇ ಬಿಟ್ಟೆ.

"ಕೊಟ್ಟೆ ಅಂದಿದ್ರಲ್ರಿ" ಎಂದೆ.

"ಎಲ್ಲಾರಿಗೂ ಹಂಗ ಹೇಳಿದ್ರು. ಹೇಳಿ ಆಮ್ಯಾಲ ಬಿಡಾಕ ಹೋದ್ರು. ಕುಡತಿನಿ ತನಕ ಗಾಡ್ಯಾಗ ಕುಂದರಿಸಿಕೊಂಡು ಹೋಗಿ, ಹೊಳ್ಳಿ ಹಂಗ ತಂದ್ರು. ಬಾಗಿಲಾಗ ನಿಂತು, 'ಇಳೀಲಿಲ್ಲ ಇದು' ಅಂದ್ರು. ಇಳೀಲಿಲ್ಲಂತ! ಇವರ ಇಳಿಸಲಿಲ್ರಿ."

"ಮತ್ತ ಹೊರಗ ಯಾಕ ಬಿಡಲಿಲ್ರಿ? ನನಗಾದ್ರೂ ಒಂದು ಮಾತು ಹೇಳಬಹುದಿತ್ತು."

"ಕೊಟ್ಟೆ ಅಂತ ಊರಿಗೆಲ್ಲಾ ಹೇಳಿಬಿಟ್ಟಿದ್ರಲ್ರಿ. ಹೇಳಿದ್ದನ್ನ ಹಿಂದಕ್ಕ ತಗೊಳ್ಳೋ ಮನಷ್ಯಾ ಏನ್ರಿ ಇವರು? ಕುಂಟು ನಾಯಿ ಸಾಕ್ಯಾನ ಅಂತ ನಗತಾರ ಅಂದ್ರು. ಸಾಯೂ ತನಕ ಇವರ ಕುಂಟಿದ್ರು, ಯಾರು ನಕ್ಕಾರ್ರಿ?" ಆಕೆ ಸೆರಗಿನಿಂದ ಮೂಗೊರೆಸಿಕೊಂಡರು. "ಎರಡು ವರ್ಷ ಈ ಮನಿಗೆ ಒಬ್ಬರನ್ನೂ ಕರೀಲಿಲ್ಲ. ನನ್ನ ತಂಗಿ ಬಂದ್ರ ಕಟ್ಟಿಮ್ಯಾಲ ಕುಂದರಿಸಿ ಕಳಸೂದು. ಸುಂಟಿ ಬೊಗಳಿದ್ರ ಇವರು ರೇಡಿಯೋ ಜೋರು ಮಾಡೋರು. ಮೊದ್ಲ ಮೊದ್ಲ ಅಕಿ ಬೀದಿ ಬಾಗಲಕ ಓಡಿ ಬರ್ತಿದ್ಲು. ಗದರಿಸಿ ಗದರಿಸಿ ಬಿಡಿಸಿದ್ರು. ರಾತ್ರಿ ಅಕಿ ಕಾಲು ಹಿಡಕೊಂಡು ಕುಂತಬಿಡೋರು. ಹಾಜರಿ ಕರೀತಿರಲಿಲ್ಲ. ಸುಮ್ನ ಹಿಡಕೊಂಡು ಕೂಡೋರು."

ಹಿತ್ತಿಲಿನ ನೆಲದ ಮೇಲೆ, ಗೋಡೆಯ ಪಕ್ಕದಲ್ಲಿ, ಒಂದು ದಾರಿ ಸವೆದಿತ್ತು. ಈ ಮೂಲೆಯಿಂದ ಆ ಮೂಲೆಗೆ. ಓಡಲೆಂದೇ ಹುಟ್ಟಿದ ನಾಯಿ ಎರಡು ವರ್ಷ ನಡೆದದ್ದು ಅಷ್ಟೇ. ಢಾಬಾದ ಹಿಂದೆ ಬಿಟ್ಟಿದ್ದರೆ ಎಂದೋ ಸತ್ತಿರುತ್ತಿತ್ತು. ಇಲ್ಲಿ ಸತ್ತಿಲ್ಲ. ಅವರನ್ನು ಮೆಚ್ಚಬೇಕೋ ಬೈಯಬೇಕೋ ನನಗೆ ಅಂದು ಗೊತ್ತಾಗಲಿಲ್ಲ, ಇಂದಿಗೂ ಗೊತ್ತಿಲ್ಲ. ಅವರಿದ್ದಾಗ ನಾನು ಒಮ್ಮೆ ಈ ಬಾಗಿಲು ಬಡಿದಿದ್ದರೆ ಅವರು ತೆಗೆಯುತ್ತಿದ್ದರೆಂಬ ಭರವಸೆಯೂ ನನಗಿಲ್ಲ.

"ಇನ್ನ ಯಾರ ಮಾತು ಉಳಿಸಬೇಕ್ರಿ?" ಎಂದರು ಆಕೆ ಒಮ್ಮೆಲೆ. "ಬಾಗಲ ತಗೀರಿ. ಪೂರಾ ತಗೀರಿ."

ಹೋಗಿ ಚಿಲಕ ತೆಗೆದು ಎರಡೂ ಕದಗಳನ್ನು ಗೋಡೆಗೆ ತಾಗುವಂತೆ ತಳ್ಳಿದೆ. ಪಡಸಾಲೆಗೆ ಬಿಸಿಲು ನುಗ್ಗಿತು. ಎದುರು ಮನೆಯ ಹೆಂಗಸು ಮೊರ ಹಿಡಿದವಳು ಹಾಗೇ ನಿಂತು ನೋಡಿದಳು. ಸುಂಟಿ ಗೋಡೆ ಹಿಡಿದುಕೊಂಡು ಒಳಗಿನಿಂದ ಮೆಲ್ಲನೆ ಬಂತು. ಹೊಸ್ತಿಲ ತನಕ ಬಂದು ನಿಂತಿತು. ಮೂತಿ ಚಾಚಿ ಬೀದಿಯ ಗಾಳಿ ಮೂಸಿತು. ಅದರ ಕಿವಿ ನೆಟ್ಟಗಾಗಿದ್ದನ್ನು ಕಂಡೆ.

"ಹೋಗವ್ವಾ" ಎಂದರು ಆಕೆ. "ಹೋಗ, ಯಾರೂ ಬೈಯೂದಿಲ್ಲ."

ನಾನು ಹೊರಗೆ ಇಳಿದು, ಕೂತು, ಕೈ ಚಾಚಿ ಕರೆದೆ. ಅದು ನನ್ನನ್ನು ನೋಡಿತು, ತಿರುಗಿ ಒಳಗಿನ ಕಡೆಗೆ ನೋಡಿತು. ಹೊಸ್ತಿಲಿಗೆ ಒಂದು ಗೇಣು ಹಿಂದೆ ಕುಂಡೆಯೂರಿ ಕುಳಿತುಬಿಟ್ಟಿತು.

ನಾನು ಬಾಗಿಲು ಎಳೆದುಕೊಳ್ಳಲು ಹೋದಾಗ ಆಕೆ ತಡೆದರು. "ತಗದ ಇರ್ಲಿ ಬಿಡ್ರಿ" ಎಂದು ಚಹಾಕ್ಕಿಡಲು ಒಳಗೆ ಹೋದರು.